ಪಾರ್ಲರಿನವರ ಇಂಜಿನ್

ಭಾನುವಾರದ ಊಟಕ್ಕೆ ಮಾಂಸ ಬೇಯಿಸಲೆಂದು ನೊರೀನ್ ಓವನ್ನಿನ ಬಾಗಿಲು ತೆರೆದರೆ, ಒಳಗೆ ಕೆಂಪು ಬಣ್ಣ ಬಳಿದ ಇಂಜಿನ್ ಮುಚ್ಚಳವೊಂದು ಕೂತಿತ್ತು.

"ಕ್ಲಿಫ್!"

ಗಂಡ ಗ್ಯಾರೇಜಿನಿಂದಲೇ ಕೂಗಿದ. "ಮುಟ್ಟಬೇಡ ಡಕ್! ಇನ್ನೊಂದರ್ಧ ಗಂಟೆ ಇರಲಿ. ಇಲ್ಲಾಂದ್ರೆ ಬಣ್ಣ ಕಚ್ಚಲ್ಲ."

ನನೀಟನ್ ಊರಿನಲ್ಲಿ ಬಸ್ಸಿನವನಿಂದ ಹಿಡಿದು ಬ್ಯಾಂಕಿನವಳವರೆಗೆ ಎಲ್ಲರೂ ಎಲ್ಲರನ್ನೂ ಅಕ್ಕರೆಯಿಂದ ಡಕ್, ಅಂದರೆ ಬಾತುಕೋಳಿ, ಎಂದೇ ಕರೆಯುವುದು. ಕ್ಲಿಫ್ ಟಕಿ ಮಾತ್ರ ತಪ್ಪು ಮಾಡಿದಾಗಲಷ್ಟೇ ಹೆಂಡತಿಯನ್ನು ಹಾಗೆ ಕರೆಯುತ್ತಿದ್ದ.

"ನನ್ನ ಮಾಂಸ ಕಾಯ್ಬೇಕಾ, ನಿನ್ನ ತಗಡು ಕಾಯ್ಬೇಕಾ?"

"ಮಾಂಸ ಎಲ್ಲೂ ಓಡಿಹೋಗಲ್ಲ."

"ನಿನ್ನ ಕಾರೂ ಎಲ್ಲೂ ಓಡಿಹೋಗಲ್ಲ. ಚಳಿ ಶುರುವಾದಾಗಿಂದ ಅಲ್ಲೇ ಬಿದ್ದಿದೆ."

ಹಾಗೆ ಅಂದರೂ ಅವಳು ಬಾಗಿಲು ಮುಚ್ಚಿ ಆಲೂಗಡ್ಡೆ ಸುಲಿಯಲು ಕೂತಳು. ಕ್ಲಿಫ್ ಕಾವೆಂಟ್ರಿಯ ಕಾರು ಕಾರ್ಖಾನೆಯಲ್ಲಿ ಅಚ್ಚು ಕೆತ್ತುವ ಕೆಲಸ ಮಾಡಿ ನಿವೃತ್ತನಾದವನು. ಮಗ ಡಾರೆಲ್ ಚಿಕ್ಕವನಿದ್ದಾಗಲೇ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿ, ತನ್ನ ಗ್ಯಾರೇಜಿನಲ್ಲೇ ಒಂದೊಂದಾಗಿ ಜೋಡಿಸಿ ಒಂದು ಕಾರು ಕಟ್ಟಿದ್ದ. ನೆಲಕ್ಕಂಟಿಕೊಂಡಂತಿರುವ, ಮೇಲೆ ಛಾವಣಿಯಿಲ್ಲದ, ಇಬ್ಬರೇ ಕೂರಬಹುದಾದ ಕಾರು. ಅಂಥದ್ದಕ್ಕೆ ಕಿಟ್ ಕಾರ್ ಅನ್ನುತ್ತಾರೆ. ಇಂಜಿನ್ ಮಾತ್ರ ತುಕ್ಕು ಹಿಡಿದ ಹಳೆಯ ಸಂಸಾರದ ಕಾರೊಂದರಿಂದ ಬಿಚ್ಚಿ ಹಾಕಿದ್ದು. ಬೇಸಿಗೆ ಬಂತೆಂದರೆ ಕ್ಲಿಫ್ ಅದರಲ್ಲಿ ಹೊರಡುತ್ತಿದ್ದ, ನೊರೀನ್ ತಲೆಗೆ ಬಟ್ಟೆ ಕಟ್ಟಿಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು.

ಈಗ ಡಾರೆಲ್ ಹೆಂಡತಿಯಿಂದ ಬೇರೆಯಾಗಿ ಅಪ್ಪನ ಮನೆಗೇ ಮರಳಿದ್ದ. ವ್ಯಾನಿನಲ್ಲಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸ. ಅವನ ಜೊತೆ ಮಗಳು ಟ್ಯಾಮ್ಸಿನ್ ಕೂಡ ಬಂದಿದ್ದಳು. ಅಪಘಾತವಾದ ಕಾರುಗಳನ್ನು ಬಿಚ್ಚಿ ಮಾರುವ ಗುಜರಿಯೊಂದರ ಕೌಂಟರಿನಲ್ಲಿ ಅವಳಿಗೆ ಕೆಲಸ. ದಿನಾ ಬೆಳಗ್ಗೆ ತಾತನೇ ಮನೆ ಬಳಕೆಯ ಇನ್ನೊಂದು ಕಾರಿನಲ್ಲಿ ಅವಳನ್ನು ಬಿಟ್ಟುಬರುತ್ತಿದ್ದ. ಎರಡೂವರೆ ಕೋಣೆಯ ಮನೆ, ನಾಲ್ಕು ಜನ, ಒಂದೇ ಬಚ್ಚಲು.

ಮಧ್ಯಾಹ್ನ, ಮಾಂಸದ ಜೊತೆಗೆಂದು ಅದೇ ಓವನ್ನಿನಲ್ಲಿ ಬೇಯಿಸಿದ ಯಾರ್ಕ್‌ಶೈರ್ ಪುಡ್ಡಿಂಗನ್ನು ಬಾಯಿಗಿಟ್ಟ ಟ್ಯಾಮ್ಸಿನ್ ಮುಖ ಕಿವುಚಿದಳು.

"ಅಜ್ಜಿ, ಇದಕ್ಕೆ ಪೆಟ್ರೋಲ್ ಒಗ್ಗರಣೆ ಹಾಕಿದ್ದೀಯಾ?"

"ನಿಮ್ಮ ತಾತನ್ನ ಕೇಳು."

ತಾತನಿಗೆ ಉತ್ತರಿಸುವ ಪುರುಸೊತ್ತಿರಲಿಲ್ಲ. ಗ್ರೇವಿ ಒರೆಸಿಕೊಂಡವನೇ ಮುಚ್ಚಳ ಎತ್ತಿಕೊಂಡು ಹೋಗಿ ಕೂರಿಸಿ, ಇಂಜಿನ್ ಶುರುಮಾಡಿದ. ಅದು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಜೊತೆಗೇ ಅದರ ಪಕ್ಕೆಯಿಂದ ನೀಲಿ ನೀರು ಸೋರಿ ಗ್ಯಾರೇಜಿನ ನೆಲದ ಮೇಲೆ ಹರಿಯಿತು.

ಡಾರೆಲ್ ಟಾರ್ಚ್ ಹಿಡಿದು ಬಗ್ಗಿ ನೋಡಿದ. "ಇಂಜಿನ್ನಿನ ಬ್ಲಾಕೇ ಬಿರಿದುಹೋಗಿದೆ ಅಪ್ಪ. ಒಳಗಿನ ನೀರು ಹೆಪ್ಪುಗಟ್ಟಿ ಸೀಳಿದೆ. ಚಳಿಗಾಲಕ್ಕೆ ಆ್ಯಂಟಿಫ್ರೀಜ್ ಹಾಕಿರ್ಲಿಲ್ವಾ?"

"ಹಾಕಿದ್ದೆ. ನೀನು ನನಗೆ ಹೇಳ್ಕೊಡಬೇಕಾ?"

"ಹಾಕಿದ್ರೆ ಬಿರಿಯಲ್ಲ."

"ಹಾಕಿದ್ದೆ ಅಂದ್ನಲ್ಲ!"

ಅಂದಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಾಗಿ ಉಣ್ಣಲಾಗಲಿಲ್ಲ.

ಅಂಥ ಹಳೆಯ ಇಂಜಿನ್ನುಗಳು ಈಗ ಸಿಗುವುದು ಕಷ್ಟ, ಸಿಕ್ಕರೆ ಬಂಗಾರದ ಬೆಲೆ. ಹಾಗಾಗಿ ಈಗಿನ ಕಾಲದ ಇಂಜಿನ್ ಒಂದನ್ನು ಹಾಕುವುದೆಂದು ಕ್ಲಿಫ್, ಡಾರೆಲ್, ಟ್ಯಾಮ್ಸಿನ್ ಮೂವರೂ ಒಪ್ಪಿದರು. ಯಾವುದೆಂಬಲ್ಲಿ ಜಗಳ ಶುರುವಾಯಿತು. ಡಾರೆಲ್ ಫೋನಿನಲ್ಲಿ ಚಿತ್ರಗಳನ್ನಿಟ್ಟುಕೊಂಡು ಊಟಕ್ಕೆ ಬರುತ್ತಿದ್ದ.

"ಇದು ನೋಡಪ್ಪ. ಜಪಾನಿಂದು, ಎರಡು ಲೀಟರ್. ನಿಮಿಷಕ್ಕೆ ಎಂಟು ಸಾವಿರ ಸುತ್ತು ಹೊಡೆಯತ್ತೆ. ನಮ್ಮ ಕಾರಿನ ತೂಕಕ್ಕೆ ಇದನ್ನ ಹಾಕಿದ್ರೆ ರಾಕೆಟ್ಟು."

"ರಾಕೆಟ್ಟಲ್ಲಿ ಯಾರು ಹೋಗ್ತಾರೆ? ನಾನು ಹೋಗಲ್ಲ," ಅಂದಳು ನೊರೀನ್, ಬೀನ್ಸ್ ಬಡಿಸುತ್ತ.

"ತಾತ, ನಮ್ಮ ಅಂಗಡಿಗೆ ಮಗುಚಿಬಿದ್ದ ಚಿಕ್ಕ ರೋಡ್‌ಸ್ಟರ್ ಒಂದು ಬಂದಿದೆ, ಎರಡೇ ಸೀಟಿನ ಕಾರು," ಎಂದಳು ಟ್ಯಾಮ್ಸಿನ್. "ಒಂದೂ ಮುಕ್ಕಾಲು ಲೀಟರ್ ಮೇಲೆ ಚೂರು. ಗೇರ್‌ಬಾಕ್ಸ್, ವೈರು, ಕಂಪ್ಯೂಟರ್ ಎಲ್ಲಾ ಜೊತೆಗೇ ಬರತ್ತೆ. ಇಂಜಿನ್‌ಗೆ ಗೀರೂ ಆಗಿಲ್ಲ."

ಡಾರೆಲ್ ನಕ್ಕ. "ಅದಾ? ಅದು ಪಾರ್ಲರಿನವರ ಕಾರು. ಕೂದಲು ಕತ್ತರಿಸೋ ಹೆಂಗಸರು ಓಡಿಸೋದು ಅದನ್ನ."

"ಹುಷಾರು," ಅಂದಳು ನೊರೀನ್. "ನಾನು ಪಾರ್ಲರಿನಲ್ಲಿ ಕತ್ತರಿಸಿದ ಕೂದಲಿನ ದುಡ್ಡಲ್ಲೇ ನಿನ್ನ ಸ್ಕೂಲ್ ಬೂಟು ಬಂದಿದ್ದು."

ಕ್ಲಿಫ್ ಸೋಮವಾರ ಮಗನ ಮಾತಿಗೆ ಹೂಂ ಅನ್ನುವನು, ಮಂಗಳವಾರ ಮೊಮ್ಮಗಳದ್ದಕ್ಕೆ. ಬುಧವಾರ ಮೂರನೆಯದೇ ಒಂದರ ಹೆಸರು ಹೇಳುವನು. ಪತ್ರಿಕೆ ತರಿಸಿ, "ನನ್ನ ಕನ್ನಡಕ ಎಲ್ಲೋ ಹೋಯ್ತು, ಓದು ಪುಟ್ಟಿ," ಎಂದು ಟ್ಯಾಮ್ಸಿನ್ ಕೈಲಿ ಓದಿಸುವನು. ಕನ್ನಡಕ ಅವನ ಜೇಬಿನಲ್ಲೇ ಇರುತ್ತಿತ್ತು. ಚಹಾ ಕುಡಿಯುತ್ತ ಎದ್ದು ಗ್ಯಾರೇಜಿಗೆ ಹೋಗುವನು, ಅಲ್ಲಿಂದ ಬರುವಷ್ಟರಲ್ಲಿ ಚಹಾ ತಣ್ಣಗಾಗಿರುತ್ತಿತ್ತು.

"ಬೇಸಿಗೆಗೆ ಆಗ್ಬೇಕು," ಎಂಬುದೊಂದೇ ಅವನ ಹಟ. "ಯಾವುದಾದ್ರೂ ಸರಿ, ಈ ಬೇಸಿಗೆಗೇ ರಸ್ತೆಗಿಳೀಬೇಕು."

ಒಂದು ಸಂಜೆ ಡಾರೆಲ್ ತನ್ನ ಜಪಾನಿನ ಇಂಜಿನ್ನಿನ ಅಳತೆಗೆ ರಟ್ಟಿನ ಡಬ್ಬವೊಂದನ್ನು ಕತ್ತರಿಸಿ ಕಾರಿನ ಮೂಗಿನೊಳಗೆ ಇಳಿಸಿ ನೋಡಿದ. ಬಲಗಡೆ ಸಾಲಲಿಲ್ಲ. ಆ ಇಂಜಿನ್ನಿನ ಹೊಗೆ ಕೊಳವೆ ಬಲಕ್ಕೇ ಹೊರಬರುವುದು, ಸ್ಟೀರಿಂಗಿನ ದಂಡವೂ ಹಾದುಹೋಗುವುದು ಅಲ್ಲೇ. ಅವನು ಕಾರಿನ ಅಡಿಗಟ್ಟಾದ ಚಾಸಿಯ ಉಕ್ಕಿನ ಕೊಳವೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ.

"ಇಲ್ಲಿಂದ ಇಲ್ಲಿಗೆ ಕತ್ತರಿಸಿ, ಆಚೆಗೆ ಬೆಸುಗೆ ಹಾಕಿದ್ರೆ ಕೂರತ್ತೆ."

ಕ್ಲಿಫ್ ಕೈಯಲ್ಲಿದ್ದ ಚಿಂದಿಯಿಂದ ಗೆರೆ ಒರೆಸಿಬಿಟ್ಟ. "ಚಾಸಿ ಕತ್ತರಿಸಿದ್ರೆ ಇದರ ನಂಬರೇ ಹೋಗತ್ತೆ. ಹೊಸ ಕಾರು ಅಂತ ಮೊದಲಿಂದ ಪರೀಕ್ಷೆಗೆ ನಿಲ್ಲಿಸ್ಬೇಕು. ದೀಪ, ಬ್ರೇಕು, ಸೀಟು, ಎಲ್ಲಾ. ಒಂದು ವರ್ಷ ಹಿಡಿಯತ್ತೆ."

"ಹಿಡೀಲಿ ಬಿಡು. ಮೂವತ್ತು ವರ್ಷ ಓಡಿಸಿದ್ದೀಯ. ಒಂದು ವರ್ಷಕ್ಕೆ ಏನು ಗಂಟು ಹೋಗತ್ತೆ?"

"ನನಗೆ ಈ ಬೇಸಿಗೆಗೆ ಬೇಕು!"

"ಅದೇ ಯಾಕೆ ಅಂತ! ರಾಣಿ ಊಟಕ್ಕೆ ಕರೆದಿದ್ದಾಳಾ?"

ಕ್ಲಿಫ್ ಸ್ಪ್ಯಾನರನ್ನು ಬಡಿದಿಟ್ಟು ಒಳಗೆ ಹೋದ. ಆ ರಾತ್ರಿ ಊಟಕ್ಕೆ ಅಪ್ಪ ಮಗ ಒಬ್ಬರನ್ನೊಬ್ಬರು ನೋಡಲಿಲ್ಲ. ಉಪ್ಪು ಬೇಕಾದರೂ ಟ್ಯಾಮ್ಸಿನ್‌ಳನ್ನೇ ಕೇಳಿದರು.

ಈಸ್ಟರ್ ರಜೆ ಕಳೆದ ಮೇಲೆ ನೊರೀನ್ ಗ್ಯಾರೇಜಿನ ಕಪಾಟು ಒರೆಸುತ್ತಿದ್ದಾಗ ಅಲ್ಲಿ ಎರಡು ಕ್ಯಾನುಗಳು ಕಂಡವು. ಎರಡೂ ಒಂದೇ ಗಾತ್ರದವು, ಎರಡರಲ್ಲೂ ಬರುವುದು ನೀಲಿ ದ್ರವ. ಆ್ಯಂಟಿಫ್ರೀಜ್ ಕ್ಯಾನಿನ ಮುದ್ರೆ ಒಡೆದೇ ಇರಲಿಲ್ಲ. ಕಾರಿನ ಗಾಜು ಒರೆಸುವ ನೀರಿನ ಕ್ಯಾನು ಖಾಲಿಯಾಗಿತ್ತು. ಹೆಸರುಗಳು ಎರಡರ ಮೇಲೂ ಹೆಬ್ಬೆರಳುದ್ದದ ಅಕ್ಷರಗಳಲ್ಲಿದ್ದವು. ಇಂಜಿನ್ನಿಗೆ ಸುರಿದದ್ದು ಯಾವುದೆಂದು ತಿಳಿದ ನೊರೀನ್ ಅವೆರಡನ್ನೂ ಇದ್ದಲ್ಲೇ ಇಟ್ಟು ಕಪಾಟು ಮುಚ್ಚಿದಳು.

ಆಮೇಲೆ ಅವಳು ಗಂಡನನ್ನು ಗಮನಿಸತೊಡಗಿದಳು. ಕ್ಲಿಫ್ ಟಿವಿ ನೋಡುವಾಗ ತಲೆಯನ್ನು ಓರೆ ಮಾಡುತ್ತಿದ್ದ. ಚಹಾ ಬಗ್ಗಿಸುವಾಗ ಬಟ್ಟಲೊಳಗೆ ಬೆರಳು ಇಡುತ್ತಿದ್ದ. ಅಂಗಡಿಯಲ್ಲಿ ನಾಣ್ಯಗಳನ್ನು ಮುಷ್ಟಿ ತುಂಬ ಚಾಚಿ, "ನೀನೇ ತಗೋ ಡಕ್," ಎಂದು ಹುಡುಗಿಗೆ ಹೇಳುತ್ತಿದ್ದ. ಇದನ್ನೆಲ್ಲ ಅವಳು ಮೊದಲೂ ಕಂಡಿದ್ದಳು, ವಯಸ್ಸಾಯಿತೆಂದುಕೊಂಡು ಸುಮ್ಮನಿದ್ದಳು.

ಶುಕ್ರವಾರ ಡಾರೆಲ್ ಮೀನು ಮತ್ತು ಚಿಪ್ಸ್ ಕಟ್ಟಿಸಿಕೊಂಡು ಬಂದ. ನಾಲ್ವರೂ ಮುಂದಿನ ಕೋಣೆಯಲ್ಲಿ ಕೂತು ಪೊಟ್ಟಣ ಬಿಚ್ಚಿದರು. ನೊರೀನ್ ವಿನೆಗರ್ ಸುರಿದುಕೊಳ್ಳುತ್ತ ಕೇಳಿದಳು.

"ಕ್ಲಿಫ್, ಎದುರುಗಡೆ ಪಾರ್ಜಿಟರ್ ಮನೆ ಕಾರಿದೆಯಲ್ಲ, ಅದರ ನಂಬರ್ ಓದು ನೋಡೋಣ."

ಲೈಸೆನ್ಸಿಗೆ ಮೊದಲು ಅಲ್ಲಿ ಎಲ್ಲರೂ ದಾಟಬೇಕಾದ ಪರೀಕ್ಷೆ ಅದು. ಇಪ್ಪತ್ತು ಮೀಟರ್ ದೂರದ ಕಾರಿನ ನಂಬರ್ ಓದಿ ಹೇಳಬೇಕು. ಕ್ಲಿಫ್ ಗದ್ದ ಎತ್ತಿದ.

"ಇದೇನು, ನನಗೆ ಮತ್ತೆ ಪರೀಕ್ಷೆನಾ?"

"ಆಟಕ್ಕೆ. ಓದು."

ಅವನು ಚಿಪ್ಸ್ ಅಗಿಯುತ್ತಲೇ ಕಿಟಕಿಯ ಕಡೆ ತಿರುಗಿ, ಅಕ್ಷರ ಅಂಕಿ ಒಂದೂ ತಡವರಿಸದೆ ಗಡಗಡ ಒಪ್ಪಿಸಿದ. "ಸಾಕಾ? ಈಗ ಉಪ್ಪು ಕೊಡು."

ಉಪ್ಪು ಯಾರೂ ಕೊಡಲಿಲ್ಲ. ಟ್ಯಾಮ್ಸಿನ್ ಕಿಟಕಿಯಾಚೆ ನೋಡಿದಳು, ತಾತನನ್ನು ನೋಡಿದಳು.

"ತಾತ... ಅದು ಅವರ ಹಳೇ ಕಾರಿಂದು. ಬುಧವಾರ ಹೊಸದು ತಂದ್ರು. ಅದೂ ಬೂದು ಬಣ್ಣನೇ."

ಕ್ಲಿಫ್ ಅಗಿಯುವುದನ್ನು ನಿಲ್ಲಿಸಿದ.

"ಬೀದಿ ಪೂರ್ತಿ ಬಾಯಿಪಾಠ ಮಾಡಿದ್ದೀಯಾ?" ಎಂದಳು ನೊರೀನ್.

"ಎದುರು ಸಾಲು ಮಾತ್ರ," ಅಂದ ಕ್ಲಿಫ್, ತುಂಬ ಸಣ್ಣ ದನಿಯಲ್ಲಿ.

ಡಾರೆಲ್ ಎದ್ದು ನಿಂತ. "ಎಷ್ಟು ದಿನದಿಂದ?"

"ಕನ್ನಡಕದವನು ಹೊಸ ವರ್ಷ ಆದ್ಮೇಲೆ ಹೇಳಿದ. ಕಣ್ಣಿನ ನಡುಭಾಗ ಸವೀತಿದೆಯಂತೆ. ಅಂಚಿಂದೆಲ್ಲ ಕಾಣ್ಸತ್ತೆ. ನೇರ ನೋಡಿದ್ದು ಮಾತ್ರ..." ಅವನು ಎಣ್ಣೆ ಹತ್ತಿದ ಬೆರಳುಗಳಿಂದ ಗಾಳಿಯಲ್ಲಿ ಏನನ್ನೋ ಒರೆಸಿ ತೋರಿಸಿದ. "ಲೈಸೆನ್ಸ್ ಆಫೀಸಿಗೆ ತಿಳಿಸಿ ಅಂದ. ತಿಳಿಸ್ತೀನಿ. ಈ ಬೇಸಿಗೆ ಒಂದು ಮುಗೀಲಿ. ಆಮೇಲೆ ನಾನೇ ತಿಳಿಸ್ತೀನಿ."

"ನನ್ನ ಮಗಳನ್ನ ದಿನಾ ಬೆಳಗ್ಗೆ ಕೆಲಸಕ್ಕೆ ಬಿಟ್ಟುಬರ್ತಿದ್ದೀಯಲ್ಲಪ್ಪ!"

"ದಾರಿ ಗೊತ್ತು ನನಗೆ."

"ದಾರಿ ಗೊತ್ತು. ದಾರೀಲಿ ಅಡ್ಡ ಬರೋರು ಗೊತ್ತಾ?"

"ಇಷ್ಟು ವರ್ಷದಲ್ಲಿ ಯಾರಿಗಾದ್ರೂ ಒಂದು ಗೀರು..."

"ಆ ಸೈಕಲ್ ತಾತ," ಅಂದಳು ಟ್ಯಾಮ್ಸಿನ್. "ಹೋದ ವಾರ. ನಾನು ಕಿರುಚಿದ್ಮೇಲೆ ತಾನೇ ನೀನು ಬ್ರೇಕ್ ಹಾಕಿದ್ದು? ಬಿಸಿಲು ಕಣ್ಣಿಗೆ ಹೊಡೀತು ಅಂದೆ. ಆವತ್ತು ಬಿಸಿಲೇ ಇರ್ಲಿಲ್ಲ."

ನೊರೀನ್ ಎದ್ದು, ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಮನೆ ಕಾರಿನ ಬೀಗದ ಕೈ ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಮೀನು ಪೊಟ್ಟಣದಲ್ಲೇ ಆರಿಹೋಯಿತು.

ಮುಂದಿನ ವಾರಗಳಲ್ಲಿ ಮನೆಯ ಲಯವೇ ತಪ್ಪಿತು. ಟ್ಯಾಮ್ಸಿನ್ ಎರಡು ಬಸ್ ಬದಲಿಸಿ ಕೆಲಸಕ್ಕೆ ಹೋದಳು. ನೊರೀನ್ ಸಾಮಾನಿನ ಚೀಲಗಳನ್ನು ಹೊತ್ತು ಬಸ್ ನಿಲ್ದಾಣದಿಂದ ನಡೆದು ಬಂದಳು. ಕ್ಲಿಫ್ ಗ್ಯಾರೇಜಿಗೆ ಕಾಲಿಡದೆ ಟಿವಿ ಮುಂದೆ ಕೂತು ಒಂದು ಚಾನೆಲ್ಲಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದ, ಯಾವುದನ್ನೂ ನೋಡುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ "ಹೂಂ" ಎನ್ನುವನು, ಮಾತಾಡಿಸದಿದ್ದರೆ ನಿಟ್ಟುಸಿರು ಬಿಡುವನು. ನಿಟ್ಟುಸಿರಿಗಿಂತ ಟಿವಿಯ ಗದ್ದಲವೇ ವಾಸಿ ಎಂದು ನೊರೀನ್‌ಗೆ ಅನಿಸಿತು.

"ಆ ಕಾರು ಮಾರಿಬಿಡೋಣ," ಎಂದ ಡಾರೆಲ್. "ಕಣ್ಣೆದುರು ಇದ್ರೆ ಅವನಿಗೂ ಸಂಕಟ."

"ಅವನನ್ನ ಕೇಳಿದ್ಯಾ?"

"ಕೇಳಿದೆ. ಹೂಂ ಅಂದ."

"ಈಗ ಅವನಿಗೆ ವಿಷ ಕುಡೀತೀಯಾ ಅಂದ್ರೂ ಹೂಂ ಅಂತಾನೆ."

ಡಾರೆಲ್ ಜಾಹೀರಾತು ಹಾಕಿಯೇ ಬಿಟ್ಟ. ಟ್ಯಾಮ್‌ವರ್ತ್ ಕಡೆಯ ಗಿರಾಕಿಯೊಬ್ಬ ಮನೆಗೆ ಫೋನ್ ಮಾಡಿದಾಗ ನೊರೀನ್ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಫೋನನ್ನು ಭುಜಕ್ಕೆ ಒತ್ತಿಕೊಂಡೇ ಹೇಳಿದಳು. "ಇಲ್ಲಪ್ಪ, ಮಾರಾಟಕ್ಕಿಲ್ಲ. ಇಂಜಿನ್ ಬರೋದಿದೆ." ಹಾಗೆ ಹೇಳಿದ ಮೇಲೆ ಆ ಮಾತು ಅವಳಿಗೇ ಹೊಸದಾಗಿ ಕೇಳಿಸಿತು. ತಾನು ಒತ್ತಿದ ಅಂಗಿಯನ್ನೇ ಮತ್ತೊಮ್ಮೆ ಒತ್ತಿದಳು.

ಸಂಜೆ ಚೀಸ್-ಈರುಳ್ಳಿ ಕಡುಬನ್ನು ಕತ್ತರಿಸಿ ಬಡಿಸಿ, ನಾಲ್ವರೂ ಕೂತ ಮೇಲೆ ಅವಳು ಬಾಯಿ ಬಿಟ್ಟಳು.

"ಇಂಜಿನ್ ನಾನು ಆರಿಸ್ತೀನಿ."

ಡಾರೆಲ್‌ಗೆ ನಗು ತಡೆಯಲಾಗಲಿಲ್ಲ. "ನೀನಾ? ಪರದೆ ಬಟ್ಟೆ ಆರಿಸಿದ ಹಾಗಾ?"

"ಹೌದು. ಓಡಿಸೋಳು ನಾನು."

ಕ್ಲಿಫ್ ಎಷ್ಟೋ ದಿನಗಳ ಮೇಲೆ ತಲೆಯೆತ್ತಿದ. "ನೀನು ಸ್ಟೀರಿಂಗ್ ಮುಟ್ಟಿ ಎಷ್ಟು ವರ್ಷ ಆಯ್ತು?"

"ಮುಟ್ಟೋಕೆ ಯಾರು ಬಿಟ್ರು? ಮದುವೆಗೆ ಮುಂಚೆ ಲೈಸೆನ್ಸ್ ತಗೊಂಡೋಳು ನಾನು, ಒಂದೇ ಸಲಕ್ಕೆ. ನೀನು ಮೂರು ಸಲ ಹೋಗಿದ್ದೆ."

"ಎರಡು ಸಲ!"

"ಮೂರು. ಎರಡನೇ ಸಲ ಹಾಲಿನ ಗಾಡಿಗೆ ಗುದ್ದಿದ್ದೆ."

ಟ್ಯಾಮ್ಸಿನ್ ನಗು ಮುಚ್ಚಿಕೊಳ್ಳಲು ಮುಖವನ್ನು ತಟ್ಟೆಯ ಹತ್ತಿರಕ್ಕೆ ಬಗ್ಗಿಸಿದಳು.

"ಒಂದು ಷರತ್ತು," ಅಂದಳು ನೊರೀನ್. "ಲೈಸೆನ್ಸ್ ಆಫೀಸಿಗೆ ನೀನೇ ಫೋನ್ ಮಾಡ್ಬೇಕು. ನಾನು ಮಾಡಲ್ಲ, ಡಾರೆಲ್ಲೂ ಮಾಡಲ್ಲ. ನೀನು ಮಾಡೋವರೆಗೆ ಒಂದು ಬೋಲ್ಟೂ ಬಿಗಿಯಂಗಿಲ್ಲ."

"ಮಾಡಲ್ಲ," ಎಂದ ಕ್ಲಿಫ್, ತಟ್ಟೆ ತಳ್ಳಿ ಎದ್ದ.

ಶನಿವಾರ ನೊರೀನ್ ಮೊಮ್ಮಗಳ ಜೊತೆ ಗುಜರಿಗೆ ಹೋದಳು. ಬಾಗಿಲು ನಜ್ಜುಗುಜ್ಜಾಗಿದ್ದ ಆ ರೋಡ್‌ಸ್ಟರಿನೊಳಗೆ ಕಷ್ಟಪಟ್ಟು ತೂರಿ ಕೂತು ಕ್ಲಚ್ಚನ್ನು ಒತ್ತಿ ಒತ್ತಿ ನೋಡಿದಳು. ಗೇರ್ ಕಡ್ಡಿಯನ್ನು ಹಿಂದೆ ಮುಂದೆ ಎಳೆದಳು.

"ಇದು ನನ್ನ ಮಾತು ಕೇಳತ್ತೆ," ಎಂದಳು. "ಹೊಗೆ ಕೊಳವೆ ಯಾವ ಕಡೆ?"

"ಎಡಕ್ಕೆ ಅಜ್ಜಿ. ಸ್ಟೀರಿಂಗಿಗೆ ಅಡ್ಡ ಬರಲ್ಲ."

"ಹಾಗಾದ್ರೆ ಏನನ್ನೂ ಕತ್ತರಿಸಬೇಕಾಗಿಲ್ಲ. ಇದೇ ಇರಲಿ."

ಅಡುಗೆಮನೆಗೆ ಹೊಸ ನೆಲ ಹಾಕಿಸಲೆಂದು ಕೂಡಿಟ್ಟಿದ್ದ ದುಡ್ಡು ಅಲ್ಲಿಗೆ ಮುಗಿಯಿತು. ಇಂಜಿನ್ ಗ್ಯಾರೇಜಿಗೆ ಬಂದು ಹಲಗೆಯ ಮೇಲೆ ಕೂತಿತು. ಕ್ಲಿಫ್ ಮೊದಲ ದಿನ ಅತ್ತ ಸುಳಿಯಲಿಲ್ಲ. ಮರುದಿನ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಅದರ ಸುತ್ತ ತಿರುಗತೊಡಗಿದ. ಕೈಯಾಡಿಸುವನು, ಬೆರಳಲ್ಲಿ ಬೋಲ್ಟುಗಳನ್ನು ತಡವುವನು, ಒಳಗೆ ಬಂದು ಕೂರುವನು, ಮತ್ತೆ ಏಳುವನು.

"ಕೂತ್ಕೋ, ಇಲ್ಲಾ ನಿಂತ್ಕೋ," ಅಂದಳು ನೊರೀನ್. "ನಿನ್ನ ಓಡಾಟಕ್ಕೆ ಜಮಖಾನೆ ಸವೀತಿದೆ."

"ಫೋನ್ ಮಾಡಿದ್ರೆ ಎಲ್ಲಾ ಮುಗೀತು ನೊರೀನ್. ಕಾರ್ಖಾನೆ ಬಿಟ್ಟಾಗ್ಲೂ ಇಷ್ಟು ಕಷ್ಟ ಆಗಿರ್ಲಿಲ್ಲ."

"ಗೊತ್ತು."

"ನಿನಗೇನು ಗೊತ್ತು?"

"ಬೆರಳುಗಳು ಮಡಚೋಕೆ ಬರಲ್ಲ ಅಂದಾಗ ನಾನು ಕತ್ತರಿ ಕೆಳಗಿಟ್ಟೆ. ನೀನು ಕೇಳಿದ್ಯಾ, ಹೇಗಿದ್ದೀಯ ಅಂತ? ಅವತ್ತೂ ಊಟಕ್ಕೇನು ಅಂದೆ."

ಕ್ಲಿಫ್ ಮರುದಿನ ಬೆಳಗ್ಗೆ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಅಡುಗೆಮನೆಯ ಮೇಜಿನ ಮುಂದೆ ಕೂತು ಫೋನ್ ಕೈಗೆತ್ತಿಕೊಂಡ. ನಂಬರನ್ನು ಟ್ಯಾಮ್ಸಿನ್ ಒತ್ತಿಕೊಟ್ಟಳು. ಆ ಕಡೆಯಿಂದ ಸಂಗೀತ ಬಹಳ ಹೊತ್ತು ನುಡಿಯಿತು. ನೊರೀನ್ ಕ್ಯಾರೆಟ್ ಹೆರೆಯುತ್ತಲೇ ಇದ್ದಳು, ಒಂದು ರಾಶಿಯಾಯಿತು. ಕೊನೆಗೆ ಯಾರೋ ಮಾತಾಡಿದರು. ಕ್ಲಿಫ್ ಹೆಸರು ಹೇಳಿದ, ಹುಟ್ಟಿದ ದಿನ ಹೇಳಿದ, ಕಣ್ಣಿನ ವಿಷಯ ಹೇಳಿದ.

"ಹೌದು," ಎಂದ. "ಹೌದಮ್ಮ. ಯಾರ ಬಲವಂತವೂ ಇಲ್ಲ. ನಾನಾಗೇ ವಾಪಸು ಕೊಡ್ತಿದ್ದೀನಿ."

ಫೋನ್ ಇಟ್ಟು ಹೆಂಡತಿಯ ಕಡೆ ತಿರುಗಿದ. ಊಟಕ್ಕೇನೆಂದು ಕೇಳಲು ಹೊರಟವನು ಬಾಯಿ ಮುಚ್ಚಿಕೊಂಡು, ಅಂಗಿ ಬದಲಾಯಿಸಿ ಗ್ಯಾರೇಜಿಗೆ ಹೋದ.

ಮೇ, ಜೂನ್ ಎರಡು ತಿಂಗಳೂ ಮನೆಯಲ್ಲಿ ಗ್ರೀಸಿನ ವಾಸನೆ. ಇಂಜಿನ್ನನ್ನು ಕ್ರೇನಿಗೆ ತೂಗುಹಾಕಿ ಇಳಿಸುವ ದಿನ ಡಾರೆಲ್ ತಾನೇ ಬಂದು ಹೆಗಲು ಕೊಟ್ಟ.

"ಪಾರ್ಲರಿನವರದ್ದು ಅಂದ್ರೂ ಭಾರ ಇದೆ ಕಣಪ್ಪ."

"ಮಾತಾಡ್ಬೇಡ, ತಳ್ಳು. ಇನ್ನೂ ಎಡಕ್ಕೆ. ಎಡ ಅಂದ್ರೆ ಎಡ!"

ಬೋಲ್ಟು, ಬ್ರಾಕೆಟ್ಟುಗಳ ಕೆಲಸಕ್ಕೆ ಕ್ಲಿಫ್‌ನ ಬೆರಳುಗಳು ಸಾಕಾದವು. ವೈರುಗಳು ಮಾತ್ರ ಅವನನ್ನು ಸೋಲಿಸಿದವು. ಹಳೆಯ ಇಂಜಿನ್ನಿಗೆ ಕೈಬೆರಳಲ್ಲಿ ಎಣಿಸುವಷ್ಟು ವೈರುಗಳಿದ್ದವು, ಇದಕ್ಕೆ ಜಡೆಜಡೆಯಾಗಿ. ಕಂದು ಯಾವುದು, ನೇರಳೆ ಯಾವುದು ತಿಳಿಯದೆ ಅವನು ಒಂದನ್ನು ತಪ್ಪಾಗಿ ಸೇರಿಸಿ, ಫ್ಯೂಸ್ ಸುಟ್ಟು, ಸ್ಕ್ರೂಡ್ರೈವರ್ ಎಸೆದ. ಅಂದಿನಿಂದ ಟ್ಯಾಮ್ಸಿನ್ ವೈರುಗಳನ್ನು ತಾನೇ ನೋಡಿಕೊಂಡಳು.

ಭಾನುವಾರ ಬೆಳಗ್ಗೆ ಸೂಪರ್‌ಮಾರ್ಕೆಟ್ ತೆರೆಯುವ ಮೊದಲು ಅದರ ಅಂಗಳದಲ್ಲಿ ಅವಳೇ ಅಜ್ಜಿಗೆ ಮನೆ ಕಾರು ಓಡಿಸುವ ಅಭ್ಯಾಸ ಮಾಡಿಸಿದಳು.

"ಅಜ್ಜಿ, ಆ ತಳ್ಳುಗಾಡಿ ಸಾಲು!"

"ಕಂಡಿದೆ."

"ಕಂಡ್ರೆ ಮುಂದೆ ಯಾಕೆ ಹೋಗ್ತಿದ್ದೀಯ?"

"ಹತ್ತಿರದಿಂದ ನೋಡೋಣ ಅಂತ."

ನೊರೀನ್‌ಳ ಕಾಲು ಗಿಡ್ಡ. ಕಿಟ್ ಕಾರಿನ ಪೆಡಲ್‌ಗಳು ಕ್ಲಿಫ್‌ನ ಉದ್ದ ಕಾಲಿಗೆ ಕೂರಿಸಿದ್ದವು. ಅವನು ಪೆಡಲ್‌ಗಳಿಗೆ ಅಲ್ಯೂಮಿನಿಯಂ ತುಂಡುಗಳನ್ನು ಜೋಡಿಸುತ್ತ, ಒಲೆಯ ಮುಂದಿದ್ದವಳನ್ನು ದಿನಕ್ಕೆ ಹತ್ತು ಸಲ ಕರೆಯುತ್ತಿದ್ದ. "ಬಾ, ಕೂತು ನೋಡು." "ಸಾಲಲ್ಲ." "ಈಗ?" "ಇನ್ನೂ ಸಾಲಲ್ಲ." "ನೀನು ಇಷ್ಟು ಗಿಡ್ಡ ಅಂತ ಯಾರೂ ಹೇಳಿರ್ಲಿಲ್ಲ." "ಒಲೆ ಮೇಲೆ ಹಾಲಿದೆ, ಬೇಗ!" ಹಾಲು ಉಕ್ಕಿತು, ಆದರೆ ಪೆಡಲ್‌ಗಳು ಅವಳ ಕಾಲಿಗೆ ಸಿಕ್ಕವು.

ಇಂಜಿನ್ ಬದಲಾದ ವಿಷಯ ಸರ್ಕಾರಕ್ಕೆ ತಿಳಿಸಿದ್ದಾಯಿತು. ವಿಮೆಯವನು ಹೇಳಿದ ಮೊತ್ತ ಕೇಳಿ ಡಾರೆಲ್ ಬೈದ, ಅರ್ಧ ತಾನೇ ಕೊಟ್ಟ. ವಾರ್ಷಿಕ ತಪಾಸಣೆಯಲ್ಲಿ ಕಾರು ಮೊದಲ ಸಲಕ್ಕೇ ಪಾಸಾಯಿತು. ಜುಲೈಯ ಒಂದು ಬೆಳಗ್ಗೆ, ತಿಳಿ ಬಿಸಿಲಲ್ಲಿ, ಇಬ್ಬರೂ ಹೊರಟರು.

ಕ್ಲಿಫ್ ರೂಢಿಯಂತೆ ಬಲಗಡೆಗೆ ಹೋದ. ನೊರೀನ್ ಎರಡು ದಿಂಬುಗಳ ಮೇಲೆ ಅಲ್ಲಿ ಕೂತಾಗಿತ್ತು. ಅವನು ಸುತ್ತಿ ಬಂದು ಎಡಗಡೆ ಇಳಿದು ಕೂತ. ತಾನೇ ಕಟ್ಟಿದ ಕಾರಿನಲ್ಲಿ ಆ ಸೀಟಿನಲ್ಲಿ ಅವನು ಒಮ್ಮೆಯೂ ಕೂತಿರಲಿಲ್ಲ. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮೊಣಕಾಲ ಮೇಲಿಟ್ಟ. ಡಾರೆಲ್, ಟ್ಯಾಮ್ಸಿನ್ ಗೇಟಿನಲ್ಲಿ ನಿಂತಿದ್ದರು.

"ಕ್ಲಚ್ ನಿಧಾನ," ಅಂದ ಕ್ಲಿಫ್.

"ಸುಮ್ನಿರು."

ಇಂಜಿನ್ ಮೆತ್ತಗೆ ಗುನುಗಿತು. ಕಾರು ಒಂದು ಸಲ ಮುಗ್ಗರಿಸಿ ನಿಂತಿತು, ಮತ್ತೆ ಶುರುವಾಗಿ ಬೀದಿಗಿಳಿಯಿತು.

"ಎರಡನೇ ಗೇರು."

"ಹಾಕಿದ್ದಾಗಿದೆ."

"ಕೇಳಿಸ್ಲಿಲ್ಲ."

"ಒಳ್ಳೇ ಇಂಜಿನ್ ಹಾಗೇ ಇರೋದು."

ಬೀದಿಯ ಕೊನೆಯಲ್ಲಿ ದೊಡ್ಡ ರಸ್ತೆ. ಬಲಕ್ಕೆ ತಿರುಗಬೇಕಿತ್ತು. ನೊರೀನ್ ಕಾರು ನಿಲ್ಲಿಸಿ ಬಲಗಡೆ ನೋಡಿದಳು. ಕ್ಲಿಫ್ ಯಾರೂ ಕೇಳದೆಯೇ ಮುಂದಕ್ಕೆ ಬಗ್ಗಿ ಎಡಗಡೆ ರಸ್ತೆಯನ್ನು ನೇರವಾಗಿ ದಿಟ್ಟಿಸಿದ.

"ಖಾಲಿ. ಹೋಗು."

ಎಡದಿಂದ, ಬಿಸಿಲಲ್ಲಿ ಹೊಳೆಯುತ್ತ, ಮೋಟಾರ್ ಸೈಕಲ್ಲೊಂದು ನೇರ ಅವರತ್ತಲೇ ಬರುತ್ತಿತ್ತು. ನೊರೀನ್ ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ. ಸದ್ದು ಹತ್ತಿರವಾಯಿತು. ಸವಾರ ಕಾರಿನ ಮೂಗಿನ ಮುಂದೆಯೇ ಹಾದುಹೋದ. ಗಾಳಿ ಕ್ಲಿಫ್‌ನ ಮುಖಕ್ಕೆ ಬಡಿಯಿತು. ಅವನು ನಿಧಾನವಾಗಿ ಹಿಂದಕ್ಕೆ ಒರಗಿದ.

ಅವಳು ಬಲಕ್ಕೆ ತಿರುಗಿದಳು. ಕಾರು ಕಾಲುವೆಯ ಸೇತುವೆ ಹತ್ತಿತು. ಸೇತುವೆ ಇಳಿದ ಮೇಲೆ ಇನ್ನೊಂದು ಕೂಡುರಸ್ತೆ. ನೊರೀನ್ ಮತ್ತೆ ನಿಲ್ಲಿಸಿದಳು. ಕ್ಲಿಫ್ ಈ ಸಲ ಕತ್ತು ಹೊರಳಿಸಲಿಲ್ಲ. ಕಾರಿನ ಮುಂದಿನ ಪುಟ್ಟ ಗಾಜಿನತ್ತ ಮುಖ ಮಾಡಿ ಕೂತಿದ್ದ.

"ನೀನೇ ನೋಡು," ಎಂದ.

ನೊರೀನ್ ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಮತ್ತೊಮ್ಮೆ ಬಲಕ್ಕೆ ನೋಡಿ ಕ್ಲಚ್ ಬಿಟ್ಟಳು.